ಫ್ರೀ ಥ್ರೋ ತಪ್ಪಿದ್ದು ಪಾಪಕ್ಕಾ? ಒಬ್ಬ ಪಿಟಿ ಮಾಸ್ಟರ್ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಸರ್, ನಮಸ್ತೆ. ನಾನು ಮಲೆನಾಡು ಕಡೆ ಒಂದು ಮಿಷನ್ ಸ್ಕೂಲಲ್ಲಿ ಪಿಟಿ ಮಾಸ್ಟರ್, ವಯಸ್ಸು 27. ಹೈಸ್ಕೂಲ್ ಹುಡುಗ್ರ ಬ್ಯಾಸ್ಕೆಟ್‌ಬಾಲ್ ಟೀಮ್ ನನ್ನ ಜವಾಬ್ದಾರಿ. ಪ್ರತಿ ಮ್ಯಾಚ್‌ಗೂ ಮುಂಚೆ ಎಲ್ರೂ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿ, ಬಲ ಕೊಡೋನಿಂದ ನಾನು ಎಲ್ಲವನ್ನೂ ಮಾಡಬಲ್ಲೆ ಅನ್ನೋ ಬೈಬಲಿನ ಫಿಲಿಪ್ಪಿ 4:13 ವಾಕ್ಯ ಜೋರಾಗಿ ಹೇಳ್ತೀವಿ. ಈ ಸಲ ಜಿಲ್ಲಾ ಮಟ್ಟದ ಸೆಮಿಫೈನಲ್‌ನಲ್ಲಿ ಒಂದು ಪಾಯಿಂಟ್ ಹಿಂದೆ ಇದ್ವಿ, ಕೊನೇ ಸೆಕೆಂಡ್‌ಗಳಲ್ಲಿ ನಮ್ಮ ಹುಡುಗನಿಗೆ ಎರಡು ಫ್ರೀ ಥ್ರೋ (ಫೌಲ್ ಆದಾಗ ಗೆರೆ ಮೇಲೆ ನಿಂತು, ಯಾರೂ ಅಡ್ಡ ಬರದೇ ಹಾಕೋ ಶಾಟ್, ಬಿದ್ರೆ ಒಂದೊಂದು ಪಾಯಿಂಟ್) ಸಿಕ್ತು, ಎರಡೂ ಹೋಯ್ತು. ಪ್ರಾಕ್ಟೀಸಲ್ಲಿ 10ಕ್ಕೆ 6 ಹಾಕ್ತಾನೆ ಸರ್ ಅವ್ನು. ಬಸ್ಸಲ್ಲಿ ಅಳ್ತಾ "ನಾನು ಏನೋ ಪಾಪ ಮಾಡಿರ್ಬೇಕು, ಅದಕ್ಕೇ ದೇವ್ರು ಹಾಕಿಸ್ಲಿಲ್ಲ" ಅಂದ. ಎರಡು ವಾರ ಆಯ್ತು, ಪ್ರಾಕ್ಟೀಸಿಗೂ ಬರ್ತಿಲ್ಲ, ಸಂಡೇ ಸ್ಕೂಲಿಗೂ ಬರ್ತಿಲ್ಲ. ನಾನು ಪ್ರಾರ್ಥನೆ, ವಾಕ್ಯ ಎಲ್ಲ ನಿಲ್ಲಿಸ್ಬೇಕಾ? ಟೀಮಲ್ಲಿ ಅರ್ಧ ಹುಡುಗ್ರು ಕ್ರೈಸ್ತರಲ್ಲ, ಅದೂ ಒಂದು ಯೋಚ್ನೆ. ಭಾನುವಾರ ಬೆಳಿಗ್ಗೆ ಟೂರ್ನಮೆಂಟ್ ಇಟ್ರೆ ಆರಾಧನೆ ಬಿಟ್ಟು ಹೋಗ್ಬಹುದಾ?

ಉತ್ತರ:

ಬ್ರದರ್, ಮೊದ್ಲು ಆ ಹುಡುಗನ ವಿಷ್ಯ. ಉಳಿದಿದ್ದೆಲ್ಲ ಒಂದು ತಿಂಗ್ಳು ತಡ ಆದ್ರೂ ನಡೆಯತ್ತೆ, ಇದು ನಡೆಯಲ್ಲ. ಇಂಥ ಮಾತು ಕೇಳಿದಾಗ ನಾವೆಲ್ಲ ಏನ್ ಮಾಡ್ತೀವಿ ಅಂದ್ರೆ ಬೆನ್ನು ತಟ್ಟಿ "ಹಂಗೆಲ್ಲ ಏನಿಲ್ಲ ಕಣೋ, ಬಿಡು" ಅಂತೀವಿ, ಅವ್ನೂ ತಲೆ ಆಡಿಸ್ತಾನೆ, ಮನೆಗೆ ಹೋಗಿ ಕಂಬಳಿ ಹೊದ್ಕೊಂಡು ಮತ್ತೆ ಅದನ್ನೇ ಯೋಚ್ನೆ ಮಾಡ್ತಾನೆ. ಅವ್ನಿಗೆ ಈಗ ಬೇಕಿರೋದು ಸಮಾಧಾನ ಅಲ್ಲ, ಲೆಕ್ಕ.

10ಕ್ಕೆ 6 ಹಾಕೋ ಹುಡುಗ ಅಂದ್ರೆ 10ಕ್ಕೆ 4 ತಪ್ಪಿಸೋ ಹುಡುಗ, ಅಲ್ವಾ. ಎರಡು ಶಾಟ್ ಕೊಟ್ರೆ ಎರಡೂ ಬೀಳೋದು 100ರಲ್ಲಿ 36 ಸಲ, ಒಂದು ಬಿದ್ದು ಒಂದು ಹೋಗೋದು 48 ಸಲ, ಎರಡೂ ಹೋಗೋದು 16 ಸಲ. ಅಂದ್ರೆ ಅದೇ ಗೆರೆ ಮೇಲೆ ಅವ್ನನ್ನ ಆರು ಸಲ ನಿಲ್ಲಿಸಿದ್ರೆ ಹೆಚ್ಚು ಕಮ್ಮಿ ಒಂದು ಸಲ ಹಿಂಗೇ ಆಗತ್ತೆ. ಇದೂ ಯಾರೂ ಕೂಗ್ದೇ ಇರೋ ನಿಮ್ಮ ಸ್ಕೂಲ್ ಕೋರ್ಟಿನ ಲೆಕ್ಕ, ಸೆಮಿಫೈನಲ್ ಕೊನೇಲಿ ಕಾಲು ಸೋತಿರೋವಾಗ, ಎದುರಿನ ಸ್ಕೂಲ್ ಮಕ್ಕಳು ತಟ್ಟೆ ಬಡೀತಿರೋವಾಗ 60 ಇದ್ದಿದ್ದು 50 ಆದ್ರೆ ನಾಲ್ಕಕ್ಕೆ ಒಂದು ಸಲ ಎರಡೂ ಹೋಗತ್ತೆ. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟಗಾರರು, ಇದೇ ಅವ್ರ ಹೊಟ್ಟೆಪಾಡು, ಅವ್ರೂ ಒಟ್ಟಾರೆ 100ಕ್ಕೆ 75ರ ಆಸುಪಾಸೇ ಹಾಕೋದು. ಅವ್ರಿಗೂ 16ಕ್ಕೆ ಒಂದು ಸಲ ಎರಡೂ ಹೋಗತ್ತೆ. ಇದನ್ನ ಅವ್ನ ಎದುರಿಗೆ ಕೂತು ನೋಟ್‌ಬುಕ್ಕಲ್ಲಿ ಬರೆದು ತೋರಿಸಿ. ಮ್ಯಾತ್ಸ್ ಬರೋ ಹುಡುಗ ಆದ್ರೆ ಅವ್ನ ಕೈಲೇ ಬರೆಸಿ.

ಲೆಕ್ಕ ಆದ್ಮೇಲೆ ಯೋಹಾನ 9 ತೆಗೀರಿ. ಹುಟ್ಟು ಕುರುಡನ್ನ ನೋಡಿ ಶಿಷ್ಯರು ಕೇಳ್ತಾರೆ, ಪಾಪ ಮಾಡಿದ್ದು ಇವ್ನಾ ಇವ್ನ ಅಪ್ಪ ಅಮ್ಮನಾ ಅಂತ. ನಿಮ್ಮ ಹುಡುಗ ಬಸ್ಸಲ್ಲಿ ಕೇಳಿದ್ದೂ ಅದೇ ಪ್ರಶ್ನೆ, ಸ್ವಲ್ಪ ಬೇರೆ ಬಟ್ಟೆ ಹಾಕ್ಕೊಂಡು ಬಂದಿದೆ ಅಷ್ಟೆ. ಯೇಸುಸ್ವಾಮಿ ಇವ್ನೂ ಅಲ್ಲ ಅವ್ರೂ ಅಲ್ಲ ಅಂತ ಸೀದಾ ಹೇಳ್ತಾರೆ. ಹುಟ್ಟು ಕುರುಡಿಗೇ ಪಾಪದ ಲೆಕ್ಕ ಹಚ್ಚೋಕೆ ಬಿಡದವರು, ರಿಂಗಿಗೆ ತಾಗಿ ಆಚೆ ಬಿದ್ದ ಬಾಲಿಗೆ ಹಚ್ತಾರಾ? ಇನ್ನೊಂದು ಮಾತು, ಆವತ್ತು ಎದುರಿಗಿದ್ದಿದ್ದೂ ಕಾನ್ವೆಂಟ್ ಸ್ಕೂಲೇ ಆಗಿದ್ದಿದ್ರೆ ಅವ್ರೂ ಪ್ರಾರ್ಥನೆ ಮಾಡ್ಕೊಂಡೇ ಕೋರ್ಟಿಗೆ ಇಳೀತಿದ್ರು, ಆಗ ದೇವ್ರು ಯಾರ ಕಡೆ ನಿಲ್ಬೇಕಿತ್ತು ಅಂತ ಅವ್ನನ್ನೇ ಕೇಳಿ. ನಗ್ತಾನೆ. ನಕ್ರೆ ಅರ್ಧ ಕೆಲ್ಸ ಆಯ್ತು.

ಆದ್ರೆ ಪೂರ್ತಿ ಆಗಿಲ್ಲ, ಯಾಕೆ ಅಂತ ಹೇಳ್ತೀನಿ. ನಿಕ್ ಆಂಡರ್ಸನ್ ಅಂತ ಒರ್ಲ್ಯಾಂಡೊ ಮ್ಯಾಜಿಕ್ ಟೀಮಲ್ಲಿ ಒಬ್ಬ ಆಡ್ತಿದ್ದ. 1995ರ ಎನ್‌ಬಿಎ ಫೈನಲ್ಸ್ ಮೊದಲ ಮ್ಯಾಚು, ಟೀಮ್ ಮೂರು ಪಾಯಿಂಟ್ ಮುಂದೆ, ಉಳಿದಿದ್ದು ಹತ್ತು ಚಿಲ್ಲರೆ ಸೆಕೆಂಡು, ಇವ್ನಿಗೆ ಎರಡು ಫ್ರೀ ಥ್ರೋ. ಒಂದು ಹಾಕಿದ್ರೆ ಸಾಕಿತ್ತು. ಎರಡೂ ತಪ್ಪಿಸ್ದ, ರಿಂಗಿಗೆ ತಾಗಿ ವಾಪಸ್ ಬಂದ ಬಾಲ್ ತಾನೇ ಹಿಡ್ದ, ಮತ್ತೆ ಫೌಲ್ ಆಯ್ತು, ಮತ್ತೆ ಎರಡು, ಅದೂ ತಪ್ತು. ಎದುರಾಳಿ ಹ್ಯೂಸ್ಟನ್ ಮೂರು ಪಾಯಿಂಟ್ ಶಾಟ್ ಹಾಕಿ ಸಮ ಮಾಡ್ತು, ಓವರ್‌ಟೈಮಲ್ಲಿ ಗೆಲ್ತು, ಆಮೇಲೆ ಸರಣಿನ 4-0 ಮಾಡಿ ಮುಗಿಸ್ತು. ಅಲ್ಲಿವರೆಗೂ 100ಕ್ಕೆ 70 ಹಾಕ್ತಿದ್ದ ಆಸಾಮಿ, ಎರಡು ಸೀಸನ್ ಕಳೆಯೋದ್ರಲ್ಲಿ 40ಕ್ಕೆ ಇಳ್ದ. ಕೈ ಅದೇ, ಗೆರೆ ಅದೇ, 15 ಅಡಿ ದೂರ ಅದೇ. ನಾಲ್ಕು ಶಾಟ್ ತಪ್ಪಿದ್ದು ಒಂದು ರಾತ್ರಿ, ಅದರ ಭಯ ಉಳಿದಿದ್ದು ವರ್ಷಗಟ್ಟಲೆ. ನಿಮ್ಮ ಹುಡುಗನಿಗೆ ಆಗಬಾರದ್ದು ಇದು, ಅದೂ ಭಯದ ಮೇಲೆ "ದೇವ್ರು ನನ್ನ ಮೇಲೆ ಮುನಿಸ್ಕೊಂಡಿದಾನೆ" ಅನ್ನೋದು ಸೇರ್ಕೊಂಡ್ರೆ ಗಾಯದ ಮೇಲೆ ಬರೆ.

ಅದಕ್ಕೇ ಅವ್ನಿಗೊಂದು ಅಭ್ಯಾಸ ಕಟ್ಟಿಕೊಡಿ. ಪ್ರತಿ ಸಲ ಒಂದೇ ಥರ: ಬಲಗಾಲಿನ ತುದಿ ಗೆರೆ ಮಧ್ಯದ ಮೊಳೆ ಹತ್ರ (ಮರದ ಕೋರ್ಟಲ್ಲಿ ಅಲ್ಲೊಂದು ಮೊಳೆ ಇರತ್ತೆ, ನಿಮ್ದು ಸಿಮೆಂಟ್ ಆದ್ರೆ ಪೇಂಟಲ್ಲಿ ಒಂದು ಚುಕ್ಕೆ ಇಡಿ), ಎರಡು ಡ್ರಿಬಲ್, ಬಾಲಿನ ಹೊಲಿಗೆ ಬೆರಳಿಗೆ ಅಡ್ಡ ಬರೋ ಹಾಗೆ ತಿರುಗ್ಸೋದು, ಮೂಗಲ್ಲಿ ಉಸಿರು ಎಳ್ಕೊಂಡು ಬಾಯಲ್ಲಿ ನಿಧಾನಕ್ಕೆ ಬಿಡೋದು, ಕಣ್ಣು ರಿಂಗಿನ ಮೇಲೆ, ಶಾಟ್. ರೂಲ್ ಪ್ರಕಾರ ರೆಫ್ರಿ ಬಾಲ್ ಕೊಟ್ಟಮೇಲೆ 5 ಸೆಕೆಂಡ್ ಇರತ್ತೆ, ಇದೆಲ್ಲ ಅಷ್ಟರಲ್ಲಿ ಆರಾಮಾಗಿ ಮುಗಿಯತ್ತೆ. ಪ್ರಾರ್ಥನೆ ಬೇಕು ಅನ್ಸಿದ್ರೆ ಆ ಉಸಿರು ಬಿಡೋ ಜಾಗದಲ್ಲಿ ಇಡಿ, ಎರಡೇ ಪದ, "ಕರ್ತನೇ, ಸ್ತೋತ್ರ". "ಹಾಕ್ಸಪ್ಪಾ" ಅಲ್ಲ, ಸ್ತೋತ್ರ. ನಾನು ಇದನ್ನ ತುಂಬ ಹುಡುಗ್ರಿಗೆ ಹೇಳ್ಕೊಟ್ಟಿದೀನಿ, "ಹಾಕ್ಸು" ಅಂತ ಕೇಳ್ಕೊಳ್ಳೋ ಹುಡುಗನ ಭುಜ ಕಿವಿ ಹತ್ರ ಏರಿರತ್ತೆ, "ಸ್ತೋತ್ರ" ಅನ್ನೋ ಹುಡುಗನ ಭುಜ ಕೆಳಗಿರತ್ತೆ, ಬೇಕಾದ್ರೆ ಪಕ್ಕದಲ್ಲಿ ನಿಂತು ನೋಡಿ. ಪವಾಡ ಏನಲ್ಲ, ಕೇಳ್ಕೊಳ್ಳೋನಿಗೆ ಏನೋ ಸಿಗ್ಬೇಕು ಅನ್ನೋ ಬಿಗಿ ಇರತ್ತೆ, ವಂದನೆ ಹೇಳೋನಿಗೆ ಅದಿರಲ್ಲ.

ಈಗ ಆ ವಾಕ್ಯ. ಫಿಲಿಪ್ಪಿ 4:13 ಕ್ರೀಡಾಪಟುಗಳ ವಾಕ್ಯ ಆಗ್ಬಿಟ್ಟಿದೆ, ಎನ್‌ಬಿಎ ಸ್ಟಾರ್ ಸ್ಟೀಫನ್ ಕರಿ ತನ್ನ ಅಂಡರ್ ಆರ್ಮರ್ ಶೂ ಮೇಲೇ ಅದರ ಮಾತು ಹಾಕಿಸ್ಕೊಂಡ, ಅಲ್ಲಿಂದ ನಮ್ಮ ಹುಡುಗ್ರ ವಾಟ್ಸಾಪ್ ಸ್ಟೇಟಸ್‌ವರೆಗೂ ಬಂದಿದೆ. ಕರಿ ಬಗ್ಗೆ ನನ್ನ ತಕರಾರಿಲ್ಲ, ಆ ಮನುಷ್ಯನ ನಡತೆ ನೋಡಿದ್ರೆ ಗೌರವನೇ ಬರತ್ತೆ. ತಕರಾರು ಏನಪ್ಪಾ ಅಂದ್ರೆ ನಾವು 13 ಓದ್ತೀವಿ, 11 ಮತ್ತೆ 12 ಬಿಟ್ಬಿಡ್ತೀವಿ. ಪೌಲ ಅದನ್ನ ಬರ್ದಿದ್ದು ಸೆರೆಮನೆಯಿಂದ. ಅದರ ಹಿಂದಿನ ಎರಡು ವಾಕ್ಯದಲ್ಲಿ ಏನ್ ಹೇಳ್ತಾನೆ ಅಂದ್ರೆ, ಇದ್ದಾಗ ಹೆಂಗಿರ್ಬೇಕು ಅಂತಾನೂ ಗೊತ್ತು, ಇಲ್ದಾಗ ಹೆಂಗಿರ್ಬೇಕು ಅಂತಾನೂ ಗೊತ್ತು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತಿಯಾಗಿರೋದನ್ನ ಕಲ್ತಿದೀನಿ ಅಂತ. ಆಮೇಲೆ ಬರೋದು "ಎಲ್ಲವನ್ನೂ ಮಾಡಬಲ್ಲೆ". ಅಂದ್ರೆ ಅಲ್ಲಿ "ಎಲ್ಲ" ಅಂದ್ರೆ 42-41 ಗೆಲ್ಲೋದಲ್ಲ ಬ್ರದರ್, 41-42 ಸೋತ ಬಸ್ಸಲ್ಲಿ ಕೂತು ಬರೋದು. ನೀವು ಆ ವಾಕ್ಯನ ಮ್ಯಾಚ್ ಮುಂಚೆ ಹೇಳಿದ್ರಿ, ಅದು ಬೇಕಾಗಿದ್ದು ಬಸ್ಸಲ್ಲಿ. ಬಸ್ಸಲ್ಲಿ ಯಾರೂ ಹೇಳ್ಲಿಲ್ಲ ಅಲ್ವಾ?

ನಿಮ್ಮನ್ನ ಬೈಯ್ತಿಲ್ಲ. ಇದೇ ತಪ್ಪಿನ ದೊಡ್ಡಣ್ಣನಂಥ ತಪ್ಪು ನಾನು ಮಾಡಿದೀನಿ. ನಿಮ್ಮ ವಯಸ್ಸಲ್ಲಿ ಒಂದು ಹಾಸ್ಟೆಲ್ ಟೀಮ್ ನೋಡ್ಕೋತಿದ್ದೆ, ನಮ್ಮ ಒಳ್ಳೇ ಪಾಯಿಂಟ್ ಗಾರ್ಡ್‌ಗೆ (ಬಾಲ್ ತಂದು ಆಟ ನಡೆಸೋ ಹುಡುಗ) ಫೈನಲ್‌ಗೆ ಎರಡು ದಿನ ಇರೋವಾಗ ಪಾದದ ಗೆಣ್ಣು ಹೊರಳ್ತು, ಬದನೆಕಾಯಿ ಥರ ಊದ್ಕೊಂಡಿತ್ತು. ರಾತ್ರಿ ಎಲ್ಲ ಹುಡುಗ್ರೂ ಕಾಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು, ಬೆಳಿಗ್ಗೆ ನಾನು "ನಂಬಿಕೆ ಇದ್ರೆ ಆಡ್ತೀಯ" ಅಂದೆ. ಅವ್ನು ನಂಬಿಕೆ ತೋರಿಸೋಕೆ ಅಂತ ಆಡ್ದ, ಎರಡನೇ ಕ್ವಾರ್ಟರಲ್ಲಿ ಬಿದ್ದ, ಲಿಗಮೆಂಟ್ ಹರೀತು, ಆ ವರ್ಷ ಪೂರ್ತಿ ಆಟ ಇಲ್ಲ. ಡಾಕ್ಟ್ರು ನನ್ನನ್ನ ಹೊರಗೆ ಕರೆದು ಏನ್ ಹೇಳಿದ್ರೋ ಅದನ್ನ ಇಲ್ಲಿ ಬರೆಯಲ್ಲ. ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆಂಚಲ್ಲಿ ಕೂರ್ಸೋದೂ ನಂಬಿಕೆನೇ ಅಂತ ಅರ್ಥ ಆಗೋಕೆ ನನಗೆ ಆ ಹುಡುಗನ ಕಾಲು ಬೇಕಾಯ್ತು. ಅವ್ನು ಈಗಲೂ ಕ್ರಿಸ್ಮಸ್‌ಗೆ ಫೋನ್ ಮಾಡ್ತಾನೆ, ಅದು ಅವ್ನ ದೊಡ್ಡತನ, ನಂದಲ್ಲ.

ಆವತ್ತಿಂದ ನಾನೊಂದು ಅಳತೆ ಇಟ್ಕೊಂಡಿದೀನಿ. ಮ್ಯಾಚ್ ಮುಂಚೆ ಹೇಳೋ ಯಾವ್ದೇ ಮಾತನ್ನ, ಅದು ವಾಕ್ಯ ಆಗಿರ್ಲಿ ಪ್ರಾರ್ಥನೆ ಆಗಿರ್ಲಿ, ಸೋತಮೇಲೂ ಅದೇ ಹುಡುಗ್ರ ಮುಖ ನೋಡ್ಕೊಂಡು ಮತ್ತೆ ಹೇಳೋಕೆ ಆಗತ್ತಾ? ಆಗತ್ತೆ ಅಂದ್ರೆ ಹೇಳಿ, ಆಗಲ್ಲ ಅಂದ್ರೆ ಮುಂಚೆನೂ ಹೇಳ್ಬೇಡಿ. "ದೇವ್ರು ನಮಗೆ ಜಯ ಕೊಡ್ತಾನೆ" ಅನ್ನೋದು ಈ ಅಳತೆಗೆ ನಿಲ್ಲಲ್ಲ. "ನೀವು ಗೆದ್ರೂ ಸೋತ್ರೂ ನಮ್ಮ ಮಕ್ಕಳೇ, ಹೋಗಿ ಆಡಿ" ಅನ್ನೋದು ನಿಲ್ಲತ್ತೆ. ಗೆಲ್ಸು ಅಂತ ಕೇಳೋ ಪ್ರಾರ್ಥನೆ ಒಂದೆರಡು ಸೀಸನಲ್ಲಿ ಹರಕೆ ಆಗ್ಬಿಡತ್ತೆ, ನಾನು ಇಷ್ಟು ಮಾಡಿದೀನಿ ನೀನು ಇಷ್ಟು ಮಾಡು ಅಂತ. ಹರಕೆ ಫಲಿಸ್ಲಿಲ್ಲ ಅಂದಾಗ ಹುಡುಗ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರ್ತಾನೆ, ದೇವ್ರು ಸರಿ ಇಲ್ಲ ಅಥ್ವಾ ನಾನು ಸರಿ ಇಲ್ಲ. ನಿಮ್ಮವ್ನು ಎರಡನೇದಕ್ಕೆ ಬಂದಿದಾನೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಪ್ರಾರ್ಥನೆ ನಿಲ್ಲಿಸ್ಬೇಡಿ, ಅದರಿಂದ ಸ್ಕೋರ್‌ಬೋರ್ಡ್ ತೆಗೀರಿ. ಯಾರಿಗೂ ಪೆಟ್ಟಾಗದೇ ಇರ್ಲಿ, ಎದುರಿನವರಿಗೂ, ರೆಫ್ರಿ ಮೇಲೆ ಬಾಯಿ ಮಾಡದೇ ಇರೋ ತಾಳ್ಮೆ ಕೊಡು (ಇದು ಹುಡುಗ್ರಿಗಿಂತ ಕೋಚ್‌ಗೆ ಜಾಸ್ತಿ ಬೇಕು), ಆಡೋಕೆ ಕೈಕಾಲು ಕೊಟ್ಟಿದ್ದಕ್ಕೆ ಸ್ತೋತ್ರ, ಆಮೆನ್. ಇಪ್ಪತ್ತು ಸೆಕೆಂಡ್ ಸಾಕು.

ಅಮೆರಿಕದ ಲೊಯೋಲಾ ಷಿಕಾಗೊ ಯೂನಿವರ್ಸಿಟಿ ಟೀಮಿಗೆ ಸಿಸ್ಟರ್ ಜೀನ್ ಅಂತ ಒಬ್ರು ಕನ್ಯಾಸ್ತ್ರೀ ಚಾಪ್ಲಿನ್ (ಟೀಮಿನ ಆಧ್ಯಾತ್ಮಿಕ ಮಾರ್ಗದರ್ಶಿ) ಆಗಿದ್ರು, 2018ರಲ್ಲಿ ಆ ಟೀಮ್ ಯಾರೂ ನೆನೆಸದೇ ಇರೋ ಹಾಗೆ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಟೂರ್ನಮೆಂಟ್ ಎನ್‌ಸಿಎಎ ಕೊನೇ ನಾಲ್ಕಕ್ಕೆ ಬಂದಾಗ ಅವ್ರಿಗೆ 98 ವರ್ಷ, ವ್ಹೀಲ್‌ಚೇರಲ್ಲಿ ಕೂತು ಬರ್ತಿದ್ರು. ಮ್ಯಾಚ್ ಮುಂಚೆ ಪ್ರಾರ್ಥನೆ ಮಾಡಿಸೋರು, ಅದರ ಜೊತೆಗೇ ಎದುರಾಳಿ ಟೀಮಲ್ಲಿ ಯಾರ ಮೇಲೆ ಕಣ್ಣಿಡ್ಬೇಕು ಅಂತಾನೂ ಹೇಳೋರು. ನನಗೆ ತುಂಬ ಹಿಡಿಸಿದ್ದು ಏನಂದ್ರೆ, ಟೂರ್ನಮೆಂಟ್ ಭವಿಷ್ಯ ಬರೆಯೋ ಚಾರ್ಟಲ್ಲಿ ಆಯಮ್ಮ ತನ್ನ ಟೀಮು ಕೊನೇ 16ರಲ್ಲೇ ಸೋಲತ್ತೆ ಅಂತ ಬರ್ಕೊಂಡಿದ್ರು! ಪ್ರಾರ್ಥನೆ ಬೇರೆ, ಲೆಕ್ಕ ಬೇರೆ ಅಂತ 98ರಲ್ಲಿ ಅಷ್ಟು ಚೆನ್ನಾಗಿ ಗೊತ್ತಿತ್ತು.

ಇನ್ನು ನಿಮ್ಮ ಬಗ್ಗೆ. ನೀವು ಕೇಳಿಲ್ಲ, ಆದ್ರೆ ಪತ್ರದ ಸಾಲುಗಳ ಮಧ್ಯೆ ಕಾಣ್ತಿದೆ, ನಾನೇ ಕೋಚ್ ಆಗೋಕೆ ಲಾಯಕ್ಕಿಲ್ಲವೇನೋ ಅಂತ. ನಾವು ಆಡ್ಸೋ ಈ ಆಟ ಎಲ್ಲಿಂದ ಬಂತು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. ಜೇಮ್ಸ್ ನೈಸ್ಮಿತ್, ಕೆನಡಾದವ್ರು, ಒಂಬತ್ತನೇ ವಯಸ್ಸಲ್ಲಿ ಅಪ್ಪ ಅಮ್ಮ ಇಬ್ರನ್ನೂ ಕಳ್ಕೊಂಡವ್ರು, ಮಾಂಟ್ರಿಯಲ್‌ನಲ್ಲಿ ಪಾದ್ರಿ ಆಗೋಕೆ ಅಂತ ಥಿಯಾಲಜಿ ಓದಿದ್ರು. ಆಮೇಲೆ ಪುಲ್‌ಪಿಟ್ ಬಿಟ್ಟು ಆಟದ ಮೂಲಕನೂ ಹುಡುಗ್ರನ್ನ ತಿದ್ದಬಹುದು ಅಂತ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಲ್ಲಿದ್ದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಟ್ರೈನಿಂಗ್ ಸ್ಕೂಲಿಗೆ ಬಂದ್ರು. 1891ರ ಚಳಿಗಾಲ, ಹೊರಗೆ ಹಿಮ, 18 ಜನ ಗಟ್ಟಿಮುಟ್ಟು ಹುಡುಗ್ರ ಕ್ಲಾಸು, ಡ್ರಿಲ್ ಅಂದ್ರೆ ಮುಖ ಸಿಂಡರಿಸೋರು, ಇವ್ರಿಗಿಂತ ಮುಂಚೆ ಇಬ್ರು ಮೇಷ್ಟ್ರು ಸಾಕಪ್ಪಾ ಅಂತ ಕೈ ಎತ್ತಿದ್ರು. ಒಳಗೆ ಆಡೋ ಹೊಸ ಆಟ ಒಂದು ಹುಡುಕಪ್ಪಾ ಅಂತ ಇವ್ರಿಗೆ ಕೊಟ್ಟಿದ್ದು ಎರಡು ವಾರ.

ಅವ್ರು ಮಾಡಿದ್ದು ನೋಡಿ. ಬಾಲ್ ಹಿಡ್ಕೊಂಡು ಓಡಬಾರ್ದು ಅಂದ್ರು, ಓಡದೇ ಇದ್ರೆ ಕೆಡವೋಕೆ ಯಾರೂ ಮೇಲೆ ಬೀಳಲ್ಲ. ಗೋಲನ್ನ ನೆಲದಿಂದ ಎತ್ತಿ ತಲೆ ಮೇಲೆ ಅಡ್ಡಡ್ಡ ಇಟ್ರು, ಹಾಗಾದಾಗ ಎಷ್ಟು ಜೋರಾಗಿ ಎಸೆದ್ರೂ ಪ್ರಯೋಜನ ಇಲ್ಲ, ಕಮಾನಿನ ಥರ ಮೆತ್ತಗೆ ಎತ್ತಿ ಹಾಕ್ಬೇಕು. ಜಿಮ್ನಾಷಿಯಂ ಬಾಲ್ಕನಿ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದ್ರು, ಆ ಕಟಕಟೆ 10 ಅಡಿ ಎತ್ತರ ಇತ್ತು, ಅದಕ್ಕೇ ಇವತ್ತಿಗೂ ನಿಮ್ಮ ಸ್ಕೂಲ್ ರಿಂಗು 10 ಅಡಿ. 13 ರೂಲ್ ಬರೆದು ಡಿಸೆಂಬರ್ 21ಕ್ಕೆ ಆಡ್ಸಿದ್ರು. ಒರಟು ಹುಡುಗ್ರ ಬಲನ ನಯಕ್ಕೆ ತಿರುಗ್ಸೋ ಆಟ ಇದು, ಬರೀ ಉಪದೇಶ ಮಾಡಿ ಅಲ್ಲ, ಬುಟ್ಟಿ ಎಲ್ಲಿ ಕಟ್ಬೇಕು ಅನ್ನೋದ್ರಿಂದ. ನನ್ನ ಕೇಳಿದ್ರೆ ನಿಮ್ಮ ಮ್ಯಾಚ್ ಮುಂಚಿನ ಐದು ನಿಮಿಷದ ಭಾಷಣಕ್ಕಿಂತ ಇದ್ರಲ್ಲಿ ಹೆಚ್ಚು ಸುವಾರ್ತೆ ಇದೆ, ಬೇಜಾರ್ ಮಾಡ್ಕೋಬೇಡಿ.

ಮತ್ತೆ ಇದು ಕೇಳಿ, ಆಟ ಕಂಡುಹಿಡಿದ ಈ ಮನುಷ್ಯ ಆಮೇಲೆ ಕ್ಯಾನ್ಸಸ್ ಯೂನಿವರ್ಸಿಟಿಗೆ ಹೋಗಿ ಕೋಚ್ ಆದ್ರು, ಗೆದ್ದಿದ್ದು 55, ಸೋತಿದ್ದು 60. ಅಷ್ಟು ದೊಡ್ಡ ಹೆಸರಿನ ಕ್ಯಾನ್ಸಸ್ ಟೀಮಿನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರೋದು ಇವ್ರೊಬ್ಬರಿಗೇ! ನಿಮ್ಮ ಹೆಡ್ಮಾಸ್ಟ್ರೋ ಸ್ಕೂಲ್ ಆಡಳಿತ ನೋಡೋ ಕರೆಸ್ಪಾಂಡೆಂಟೋ ರಿಸಲ್ಟ್ ಕೇಳಿದ್ರೆ ಈ ಲೆಕ್ಕ ಹೇಳಿ, ಒಪ್ತಾರೋ ಬಿಡ್ತಾರೋ ಗೊತ್ತಿಲ್ಲ.

ನಮ್ಮ ಕಡೆಗೂ ಇದು ಅದೇ ದಾರೀಲಿ ಬಂತು. ಸ್ಪ್ರಿಂಗ್‌ಫೀಲ್ಡಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಮದ್ರಾಸಿಗೆ ಬಂದು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣದ ಸ್ಕೂಲ್ ಶುರು ಮಾಡಿದ್ರು, ದಕ್ಷಿಣ ಭಾರತದ ಹಳೇ ತಲೆಮಾರಿನ ಪಿಟಿ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಅಲ್ಲಿಂದಲೇ ಬಂದೋರು. ಬಕ್ ಹತ್ರ ಕಲಿತ ಎಲ್ರೂ ಕ್ರೈಸ್ತರಾಗಿದ್ರಾ, ಇಲ್ಲ. ಅಲ್ಲಿಗೆ ನಿಮ್ಮ ಆ ಇನ್ನೊಂದು ಯೋಚ್ನೆಗೆ ಬಂದ್ವಿ.

ಟೀಮಲ್ಲಿ ಬೇರೆ ಧರ್ಮದ ಮಕ್ಕಳಿದ್ದಾಗ ಕೈ ಹಿಡಿಸಿ ವಾಕ್ಯ ಹೇಳ್ಸೋದು ನನಗೆ ಸರಿ ಕಾಣಲ್ಲ, ಕಾನೂನೂ ಒಪ್ಪಲ್ಲ. ಸಂವಿಧಾನದ 28ನೇ ವಿಧಿ 3ನೇ ಭಾಗ ಹೇಳೋದು, ಸರ್ಕಾರದ ಮಾನ್ಯತೆ ಅಥ್ವಾ ಅನುದಾನ ಇರೋ ಸ್ಕೂಲಲ್ಲಿ ಯಾವ ಮಗುನೂ ಧಾರ್ಮಿಕ ಆರಾಧನೆಗೆ ಬರ್ಲೇಬೇಕು ಅನ್ನೋ ಹಾಗಿಲ್ಲ, 18 ತುಂಬದವ್ರಾದ್ರೆ ಪೋಷಕರ ಒಪ್ಪಿಗೆ ಬೇಕು ಅಂತ. ಮಿಷನ್ ಸ್ಕೂಲಿಗೂ ಅದು ಅನ್ವಯ ಆಗತ್ತೆ. "ನಮ್ಮ ಹುಡುಗ್ರು ಯಾರೂ ಬೇಡ ಅಂದಿಲ್ಲ ಸರ್" ಅಂತೀರಿ, ಗೊತ್ತು. 15 ವರ್ಷದ ಹುಡುಗ ತನ್ನನ್ನ ಫಸ್ಟ್ ಫೈವ್‌ನಲ್ಲಿ (ಮ್ಯಾಚ್ ಶುರು ಮಾಡೋ ಐದು ಜನರಲ್ಲಿ) ಆಡ್ಸೋ ಮೇಷ್ಟ್ರಿಗೆ ಬೇಡ ಅಂತಾನಾ? ನಾನು ಮಾಡೋದು ಏನಂದ್ರೆ, ಟಾಸ್‌ಗೆ ಮುಂಚೆ ಎಲ್ರೂ ಒಂದು ನಿಮಿಷ ಸುಮ್ನೆ ನಿಲ್ತೀವಿ, ಯಾರ್ ಯಾರಿಗೆ ಏನೇನು ಹೇಳ್ಕೋಬೇಕೋ ಮನಸ್ಸಲ್ಲಿ. ಒಬ್ಬ ತನ್ನ ದೇವರ ಹೆಸರು ಹೇಳ್ತಾನೆ, ಇನ್ನೊಬ್ಬ ದುವಾ ಮಾಡ್ತಾನೆ, ಒಬ್ಬ ಸುಮ್ನೆ ಶೂ ಲೇಸ್ ನೋಡ್ತಾನೆ. ಸಭೆಯ ಯೂತ್ ಟೀಮ್ ಆದ್ರೆ ಬೇರೆ ವಿಷ್ಯ, ಅಲ್ಲಿ ಬಾಯ್ಬಿಟ್ಟು ಪ್ರಾರ್ಥನೆ ಮಾಡಿ.

ನಿಮ್ಮ ನಂಬಿಕೆ ಆ ಮಕ್ಕಳಿಗೆ ಗೊತ್ತಾಗ್ಬೇಕು ಅಂದ್ರೆ ಬೇರೆ ದಾರಿಗಳಿವೆ. ಜಾನ್ ವುಡನ್ ಅಂತ ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿ ಕೋಚು, 12 ವರ್ಷದಲ್ಲಿ 10 ಸಲ ರಾಷ್ಟ್ರೀಯ ಚಾಂಪಿಯನ್, ಆದ್ರೆ 1948ರಲ್ಲಿ ಸೇರಿದವ್ರಿಗೆ ಮೊದಲ ಕಪ್ ಬಂದಿದ್ದು 1964ರಲ್ಲಿ, ಅದನ್ನ ಯಾರೂ ಹೇಳಲ್ಲ. ಗಟ್ಟಿ ಕ್ರೈಸ್ತ, ಆದ್ರೆ ಹುಡುಗ್ರಿಗೆ ಮೊದಲ ದಿನ ಕಲಿಸ್ತಿದ್ದದ್ದು ಸಾಕ್ಸ್ ಹಾಕೋದು! ಬೆರಳ ಹತ್ರ ಹಿಮ್ಮಡಿ ಹತ್ರ ಒಂದು ಮಡಿಕೆನೂ ಇಲ್ದಂಗೆ ಎಳೆದು ತೋರಿಸೋರು, ಮಡಿಕೆ ಇದ್ರೆ ಬೊಬ್ಬೆ, ಬೊಬ್ಬೆ ಬಂದ್ರೆ ಪ್ರಾಕ್ಟೀಸ್ ಹೋಯ್ತು. ಯುಸಿಎಲ್‌ಎಗೆ ಬರೋಕೆ ಮುಂಚೆ, 1947ರಲ್ಲಿ, ಇಂಡಿಯಾನಾ ಸ್ಟೇಟ್ ಟೀಮ್ ನೋಡ್ಕೋತಿದ್ದಾಗ ರಾಷ್ಟ್ರೀಯ ಟೂರ್ನಮೆಂಟಿಗೆ ಕರೆ ಬಂತು, ಕಪ್ಪು ಆಟಗಾರರಿಗೆ ಅಲ್ಲಿ ಅವಕಾಶ ಇರ್ಲಿಲ್ಲ. ಅವ್ರ ಟೀಮಲ್ಲಿ ಕ್ಲಾರೆನ್ಸ್ ವಾಕರ್ ಅಂತ ಒಬ್ಬ ಕಪ್ಪು ಹುಡುಗ ಇದ್ದ, ಸ್ಟಾರ್ ಏನಲ್ಲ, ಬೆಂಚಲ್ಲಿ ಕೂರೋ ಹುಡುಗ. ಅವ್ನ ಬಿಟ್ಟು ಬರಲ್ಲ ಅಂತ ವುಡನ್ ಟೂರ್ನಮೆಂಟೇ ಬಿಟ್ರು. ಮುಂದಿನ ವರ್ಷ ರೂಲ್ ಬದಲಾಯ್ತು, ಆ ಹುಡುಗನ ಜೊತೆ ಹೋಗಿ ಆಡಿ ಬಂದ್ರು. ನಿಮ್ಮ ಟೀಮಿನ ಹನ್ನೆರಡನೇ ಹುಡುಗ, ನಾಲ್ಕು ವರ್ಷದಿಂದ ನೀರಿನ ಕ್ಯಾನ್ ಹೊರೋನು, ಅವ್ನು ನಿಮ್ಮ ನಂಬಿಕೆನ ಅಳೆಯೋದು ಇಂಥದ್ರಲ್ಲಿ.

ಸೋತಾಗ ಹೆಂಗಿರ್ಬೇಕು ಅನ್ನೋಕೆ ನಾನು ಹುಡುಗ್ರಿಗೆ ತೋರ್ಸೋ ವಿಡಿಯೋ ಒಂದೇ. 2021ರ ಎನ್‌ಬಿಎ ಫೈನಲ್ಸು, ಫೀನಿಕ್ಸ್ ಸನ್ಸ್ ಮಿಲ್ವಾಕಿ ಎದುರು 4-2 ಸೋತ್ರು, ಕೊನೇ ಮ್ಯಾಚಲ್ಲಿ ಮಿಲ್ವಾಕಿಯ ಆಂಟೆಟೊಕೂಂಪೊ ಒಬ್ನೇ 50 ಪಾಯಿಂಟ್ ಹೊಡ್ದ. ಮುಗಿದು ಸ್ವಲ್ಪ ಹೊತ್ತಿಗೆ ಸನ್ಸ್ ಕೋಚ್ ಮಾಂಟಿ ವಿಲಿಯಮ್ಸ್ ಗೆದ್ದವ್ರ ಲಾಕರ್ ರೂಮಿಗೆ ನಡ್ಕೊಂಡು ಹೋಗ್ತಾರೆ, ಅಲ್ಲಿ ಕುಣೀತಿದಾರೆ, ಇವ್ರು ನಿಂತು ಅಭಿನಂದನೆ ಹೇಳಿ, ನಿಮ್ಮಿಂದ ನಾನು ಇನ್ನೂ ಒಳ್ಳೇ ಕೋಚ್ ಆದೆ, ನನ್ನ ಟೀಮ್ ಇನ್ನೂ ಒಳ್ಳೇ ಟೀಮ್ ಆಯ್ತು ಅಂತ ಹೇಳಿ ಬರ್ತಾರೆ. ಇವ್ರೇ 2016ರಲ್ಲಿ ಹೆಂಡ್ತಿನ ಕಾರ್ ಅಪಘಾತದಲ್ಲಿ ಕಳ್ಕೊಂಡು, ಶವಸಂಸ್ಕಾರದ ದಿನ ನಿಂತು, ಗುದ್ದಿದ ಕಾರ್ ಓಡಿಸ್ತಿದ್ದವಳ ಮನೆಯವ್ರಿಗೋಸ್ಕರನೂ ಪ್ರಾರ್ಥನೆ ಮಾಡಿ ಅಂದವ್ರು. ಆ ವಿಡಿಯೋ ಹಾಕಿದಾಗ ನಾನು ಏನೂ ಮಾತಾಡಲ್ಲ.

ಭಾನುವಾರದ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ನನಗೆ ಬರಲ್ಲ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆ ಎಲ್ಲ ಸಂಡೇ ಸ್ಕೂಲಲ್ಲೂ ಹೇಳ್ತಾರೆ, 1924ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು ಅಂತ ಓಡ್ಲಿಲ್ಲ, 400 ಮೀಟರ್ ಓಡಿ 47.6 ಸೆಕೆಂಡಲ್ಲಿ ಚಿನ್ನ ತಗೊಂಡ್ರು. (ಅದೇ ಒಲಿಂಪಿಕ್ಸಿಗೆ ಭಾರತದ ಟೀಮ್ ಕರ್ಕೊಂಡು ಹೋಗಿದ್ದ ಮ್ಯಾನೇಜರ್ ಯಾರು ಅಂದ್ಕೊಂಡ್ರಿ, ನಮ್ಮ ಮದ್ರಾಸಿನ ಬಕ್!) ಕಥೆ ಅಲ್ಲಿಗೆ ನಿಲ್ಲಿಸ್ತಾರೆ. ಆಮೇಲೆ ಲಿಡೆಲ್ ಚೀನಾಕ್ಕೆ ಮಿಷನರಿ ಆಗಿ ಹೋದ್ರು, ಯುದ್ಧದಲ್ಲಿ ಜಪಾನಿನವ್ರ ಕ್ಯಾಂಪಲ್ಲಿ ಸೆರೆಯಾದ್ರು, 1945ರಲ್ಲಿ ಅಲ್ಲೇ ತೀರ್ಕೊಂಡ್ರು. ಆ ಕ್ಯಾಂಪಲ್ಲಿ ಹುಡುಗ್ರು ಭಾನುವಾರ ಹಾಕಿ ಆಡೋಕೆ ಹೋಗಿ, ರೆಫ್ರಿ ಇಲ್ದೇ ಹೊಡೆದಾಡ್ಕೊಂಡ್ರು. ಮುಂದಿನ ಭಾನುವಾರ ಅಂಪೈರ್ ಆಗಿ ಬಂದು ನಿಂತಿದ್ದು ಅದೇ ಲಿಡೆಲ್. ತನ್ನ ಚಿನ್ನಕ್ಕೋಸ್ಕರ ಬಿಡದ ಭಾನುವಾರನ ಮಕ್ಕಳಿಗೋಸ್ಕರ ಬಿಟ್ರು. ನಿಮ್ಮ ವಿಷ್ಯದಲ್ಲಿ, ಮೊದ್ಲು ಆಯೋಜಕರಿಗೆ ಒಂದು ಫೋನ್ ಮಾಡಿ ನಮ್ಮ ಮ್ಯಾಚ್ 11ರ ಮೇಲೆ ಹಾಕಿ ಅಂತ ಕೇಳಿ, ಕೇಳಿದ್ರೆ ಎಷ್ಟೋ ಸಲ ಹಾಕ್ತಾರೆ, ನಾವು ಕೇಳದೇನೇ ಧರ್ಮಸಂಕಟ ಅಂತ ಕೂತಿರ್ತೀವಿ. ಆಗ್ಲಿಲ್ಲ ಅಂದ್ರೆ ಸಭಾಪಾಲಕರನ್ನ, ಹುಡುಗ್ರ ಮನೆಯವ್ರನ್ನ ಕೇಳಿ. ಬರಲ್ಲ ಅಂದ ಹುಡುಗನನ್ನ ಮುಂದಿನ ಮ್ಯಾಚಲ್ಲಿ ಬೆಂಚಿಗೆ ಹಾಕ್ಬೇಡಿ, ಬರ್ತೀನಿ ಅಂದವ್ನಿಗೆ ನರಕದ ಮಾತಾಡ್ಬೇಡಿ.

ಕೊನೇದಾಗಿ, ಈ ಶನಿವಾರ ಆ ಹುಡುಗನ ಮನೆಗೆ ಹೋಗಿ. ವಾಪಸ್ ಬಾ ಅಂತ ಕರೆಯೋಕಲ್ಲ, ಸುಮ್ನೆ ಹೋಗಿ. ಅವ್ರಮ್ಮ ಕಾಫಿ ಕೊಡ್ತಾರೆ, ಕುಡೀರಿ. ತಪ್ಪು ವಾಕ್ಯದ್ದಲ್ಲ, ನಾನು ಅದನ್ನ ಹೇಳಿಸಿದ ರೀತೀದು ಅಂತ ನೀವೇ ಬಾಯ್ಬಿಟ್ಟು ಹೇಳಿ, ಮೇಷ್ಟ್ರು ತಪ್ಪಾಯ್ತು ಅನ್ನೋದನ್ನ ಆ ವಯಸ್ಸಿನ ಹುಡುಗ್ರು ಕೇಳಿರೋದೇ ಅಪರೂಪ. ಆಮೇಲೆ ಆ ನೋಟ್‌ಬುಕ್ ಲೆಕ್ಕ. ಅವ್ನು ಬಂದ ಮೊದಲ ದಿನ ಅವ್ನೊಬ್ಬನನ್ನೇ ಗೆರೆ ಮೇಲೆ ನಿಲ್ಲಿಸ್ಬೇಡಿ, ಎಲ್ರೂ ಸಾಲಾಗಿ ಹತ್ತತ್ತು ಹಾಕ್ಲಿ, ನೀವೂ ಹಾಕಿ, ಹುಡುಗ್ರು ಎಣಿಸ್ಲಿ. ನಾನು ಹೋದ ವಾರ 10ಕ್ಕೆ 5 ಹಾಕ್ದೆ, ಅದ್ರಲ್ಲಿ ತಪ್ಪಿದ ಎರಡು ರಿಂಗಿಗೂ ತಾಗ್ಲಿಲ್ಲ, ಒಂಬತ್ತನೇ ಕ್ಲಾಸಿನ ಒಬ್ಬ ಬಂದು "ಸರ್, ಸ್ತೋತ್ರ ಅನ್ನೋದು ಮರೆತ್ರಾ" ಅಂತ ಕೇಳ್ದ.